ಉತ್ತರ ಗೊತ್ತು, ಯಾಕೆ ಅಂತ ಗೊತ್ತಿಲ್ಲ

ದಸರಾ ರಜೆಗೆ ತಂಗಿ ಮಗಳು ಕೋಲಾರಕ್ಕೆ ಬಂದಿದ್ದಳು. ಒಂಬತ್ತನೇ ಕ್ಲಾಸು. ಅವಳ ಅಮ್ಮ ಮೊಬೈಲ್ ಕಿತ್ತಿಟ್ಟುಕೊಂಡು ಕಳಿಸಿದ್ದಳು, ಹಾಗಾಗಿ ಎರಡನೇ ದಿನಕ್ಕೇ ಮುಖ ಊದಿಸಿಕೊಂಡು ಕೂತಿತ್ತು ಹುಡುಗಿ. ಸರಿ, ಸುಮ್ನೆ ಇರಲಿ ಅಂತ ಒಂದು ಹಾಳೆಯಲ್ಲಿ ಐದಕ್ಕೆ ಐದು ಮನೆ ಗೀಚಿ, ಪುಟ್ಟ ಪದಬಂಧ ಮಾಡಿ ಕೊಟ್ಟೆ. ಪೇಪರಿನಲ್ಲಿ ಬರುವಂಥದ್ದಲ್ಲ, ಇಂಗ್ಲಿಷಿನವರು ಕ್ರಿಪ್ಟಿಕ್ ಅಂತಾರಲ್ಲ, ಅರ್ಥದ ಜೊತೆಗೆ ಒಂದು ಪದದಾಟವೂ ಅಡಗಿರುವಂಥದ್ದು, ಆ ತರಹದ ಸುಳಿವುಗಳನ್ನು ಕನ್ನಡದಲ್ಲಿ ಹೊಸೆದಿದ್ದೆ. ಅದರಲ್ಲಿ ನನಗೆ ತುಂಬಾ ಹೆಮ್ಮೆ ಇದ್ದದ್ದು ಒಂದು ಸುಳಿವಿನ ಮೇಲೆ: "ಆಕೆ ರೆಪ್ಪೆಯೊಳಗೆ ನೀರು ನಿಂತ ಜಾಗ (2)".

ಅವಳು ಎರಡೇ ಸೆಕೆಂಡಿನಲ್ಲಿ "ಕಣ್ಣು" ಅಂತ ಬರೆದಳು. ನಾನು ತಪ್ಪು ಅಂದೆ.

"ಯಾಕೆ ತಪ್ಪು ಮಾಮ? ರೆಪ್ಪೆ ಒಳಗೆ ಇರೋದು ಕಣ್ಣು. ನೀರು ನಿಲ್ಲೋದೂ ಕಣ್ಣಲ್ಲೇ. ಎರಡೇ ಮನೆ. ಸರಿಯಾಗಿ ಕೂರುತ್ತೆ."

ಉತ್ತರ "ಕೆರೆ" ಅಂತ ತೋರಿಸಿದೆ. ನೀರು ನಿಂತ ಜಾಗ ಕೆರೆ. "ಆಕೆ ರೆಪ್ಪೆ" ಅಂತ ಒಟ್ಟಿಗೆ ಬರೆದರೆ ಆ, ಕೆ, ರೆ, ಪ್ಪೆ. ನಡುವೆ "ಕೆರೆ" ಅಡಗಿ ಕೂತಿದೆ. "ಒಳಗೆ" ಅಂತ ನಾನೇ ಹೇಳಿಬಿಟ್ಟಿದ್ದೇನೆ. ಅವಳು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. "ಓ" ಅಂದಳು. ಆ "ಓ" ಕೇಳೋಕೇ ಅಲ್ವಾ ನಾವು ಇಷ್ಟೆಲ್ಲ ಮಾಡೋದು! ಆದರೆ ಅದರ ಹಿಂದೆಯೇ ಇನ್ನೊಂದು ಬಂತು. "ಆದ್ರೂ ಕಣ್ಣು ತಪ್ಪಲ್ಲ ಮಾಮ." ಪಕ್ಕದಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದ ನಮ್ಮಮ್ಮ ತಲೆ ಎತ್ತದೆ ಹೇಳಿದರು. "ಹುಡುಗಿ ಹೇಳೋದು ಸರಿ ಇದೆ ಕಣೋ."

ರಜೆ ಮುಗಿದು ಅವಳು ವಾಪಸ್ ಹೋದಳು. ನನಗೆ ಮಾತ್ರ ಇದು ಹಲ್ಲಿನ ಸಂದಿಯಲ್ಲಿ ಸಿಕ್ಕ ಅಡಿಕೆ ಚೂರಿನ ಹಾಗೆ ಉಳಿದುಬಿಟ್ಟಿತು. ಕೆರೆ ಯಾಕೆ ಸರಿ ಅಂತ ನಾನು ಹೇಳಿದ್ದೆ. ಕಣ್ಣು ಯಾಕೆ ತಪ್ಪು ಅಂತ ಹೇಳೋಕೆ ನನಗೆ ಬಂದಿರಲಿಲ್ಲ.

ಚುಕ್ಕೆ ಇಡುತ್ತಿದ್ದ ಸಾರ್

ಈ ಹುಚ್ಚು ನನಗೆ ಹತ್ತಿದ್ದು ರೈಲಿನಲ್ಲಿ. 1999ರಲ್ಲಿ ನಮ್ಮ ಮನೆ ಬಂಗಾರಪೇಟೆಯಲ್ಲಿತ್ತು, ಕೆಲಸ ಬೆಂಗಳೂರಿನಲ್ಲಿ. ಮಾರಿಕುಪ್ಪಂನಿಂದ ಬರುವ ಬೆಳಗಿನ ರೈಲಿಗೆ ಪಾಸ್ ಮಾಡಿಸಿಕೊಂಡಿದ್ದೆ. ಆ ರೈಲು ನಮ್ಮ ಸ್ಟೇಷನ್ನಿಗೆ ಬರುವ ಹೊತ್ತಿಗೆ ಕೆಜಿಎಫ್‌ನವರು ಕಿಟಕಿ ಸೀಟುಗಳನ್ನೆಲ್ಲ ಹಿಡಿದು, ಮಡಿಲ ಮೇಲೆ ಬ್ರೀಫ್‌ಕೇಸ್ ಇಟ್ಟು ಇಸ್ಪೀಟಿನ ಒಂದು ಆಟ ಮುಗಿಸಿರುತ್ತಿದ್ದರು. ಇಸ್ಪೀಟಿಗೆ ಸೇರದೆ ಒಬ್ಬರೇ ಕೂರುತ್ತಿದ್ದ ಹಿರಿಯರೊಬ್ಬರಿದ್ದರು. ಇಂಗ್ಲಿಷ್ ಪೇಪರನ್ನು ಮಡಚಿ, ಮಡಚಿ, ಕೊನೆಗೆ ಅಂಗೈಯಷ್ಟು ಮಾಡಿಕೊಂಡು, ಅದರಲ್ಲಿ ಪದಬಂಧ ಮಾತ್ರ ಕಾಣುವ ಹಾಗೆ ಹಿಡಿದುಕೊಳ್ಳುತ್ತಿದ್ದರು. ನಾನು ಅವರ ಹೆಗಲ ಮೇಲಿಂದ ಇಣುಕುತ್ತಿದ್ದೆ. ಮಾಲೂರು ದಾಟುವ ಹೊತ್ತಿಗೆ ಅರ್ಧ ಮುಗಿದಿರುತ್ತಿತ್ತು.

ನನಗೆ ವಿಚಿತ್ರ ಅನಿಸಿದ್ದು ಅವರು ಇಡುತ್ತಿದ್ದ ಚುಕ್ಕೆ. ಕೆಲವು ಉತ್ತರ ಬರೆದ ಮೇಲೆ ಮೊದಲ ಮನೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ಚುಕ್ಕೆ. ಒಂದು ದಿನ ಧೈರ್ಯ ಮಾಡಿ ಕೇಳಿದೆ. "ಆನ್ಸರ್ ಬಂತು ತಂಬಿ, ರೀಸನ್ ಬಂದಿಲ್ಲ. ಅದು ಸಾಲ" ಅಂದರು. ಅಡ್ಡ ಬಂದ ಅಕ್ಷರಗಳನ್ನು ನೋಡಿ ಊಹೆ ಮಾಡಿ ಬರೆದದ್ದಕ್ಕೆಲ್ಲ ಚುಕ್ಕೆ. ಕಾರಣ ಹೊಳೆದ ದಿನ ಅಳಿಸುವುದು. ಮಾರನೇ ದಿನದ ಪೇಪರಿನಲ್ಲಿ ಉತ್ತರ ಬರುತ್ತೆ, ತಾನು ಬರೆದದ್ದೇ ಸರಿ ಅಂತ ಗೊತ್ತೂ ಆಗುತ್ತೆ. ಆದರೆ ಸಾಲ ಅಷ್ಟಕ್ಕೆ ತೀರಲ್ಲ. ಅವರ ಅಂಗಿ ಜೇಬಿನಲ್ಲಿ ಚುಕ್ಕೆ ಅಳಿಸದ ಹಳೇ ಪೇಪರ್ ತುಂಡುಗಳು ಯಾವಾಗಲೂ ಮೂರು ನಾಲ್ಕು ಇರುತ್ತಿದ್ದವು.

ಒಂದು ದಿನ ನನ್ನ ಕೈಗೇ ಪೆನ್ಸಿಲ್ ಕೊಟ್ಟರು. ಸುಳಿವಿನ ಜಾಗದಲ್ಲಿ ಬರೀ ಎಂಟು ಇಂಗ್ಲಿಷ್ ಅಕ್ಷರ. ಎಚ್, ಐ, ಜೆ, ಕೆ, ಎಲ್, ಎಂ, ಎನ್, ಓ. ಉತ್ತರ ಐದು ಅಕ್ಷರ. ಈ ಆಟ ಗೊತ್ತಿರುವವರಿಗೆ ಇದು ತುಂಬಾ ಹಳೆಯ, ಹೆಸರುವಾಸಿ ಸುಳಿವು, ನಗಬೇಡಿ. ನನಗೆ ಆಗ ಗೊತ್ತಿರಲಿಲ್ಲ. ಅಡ್ಡ ಅಕ್ಷರಗಳ ಸಹಾಯದಿಂದ "ವಾಟರ್" ಅಂತ ಬರೆದೆ. "ಯಾಕೆ?" ಅಂದರು. ಗೊತ್ತಿಲ್ಲ ಅಂದೆ. ಪೆನ್ಸಿಲ್ ತಗೊಂಡು ನನ್ನ ಉತ್ತರದ ಮೇಲೆ ಚುಕ್ಕೆ ಇಟ್ಟು, ಆ ತುಂಡು ಹರಿದು ನನ್ನ ಜೇಬಿಗೇ ಹಾಕಿಬಿಟ್ಟರು.

ಮೂರು ದಿನ ಅದು ನನ್ನ ಜೇಬಿನಲ್ಲಿತ್ತು. ಕೀಲಿಮಣೆಯಲ್ಲಿ ಅಕ್ಷರಗಳ ಜಾಗ ನೋಡಿದೆ, ಒಂದೊಂದಕ್ಕೂ ನಂಬರ್ ಕೊಟ್ಟು ಕೂಡಿ ನೋಡಿದೆ. ಶನಿವಾರ ನಮ್ಮ ಬೀದಿಗೆ ನೀರಿನ ಟ್ಯಾಂಕರ್ ಬಂತು. ಬಿಂದಿಗೆಗಳ ಸಾಲಿನಲ್ಲಿ ನಿಂತಿದ್ದೆ. ಪಕ್ಕದ ಮನೆ ಹುಡುಗಿ ಜಗಲಿ ಮೇಲೆ ಕೂತು ವಿಜ್ಞಾನ ಉರು ಹೊಡೆಯುತ್ತಿದ್ದಳು. "ನೀರಿನ ಅಣುಸೂತ್ರ ಎಚ್ ಟು ಓ, ನೀರಿನ ಅಣುಸೂತ್ರ ಎಚ್ ಟು ಓ." ಅಯ್ಯೋ! ಎಚ್‌ನಿಂದ ಓ ವರೆಗೆ. ಎಚ್ ಟು ಓ. ಬಿಂದಿಗೆ ಅಲ್ಲೇ ಬಿಟ್ಟು ಮನೆಯೊಳಗೆ ಓಡಿ ಅಮ್ಮನಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ನೀರು ಅನ್ನೋಕೆ ಇಷ್ಟು ಸುತ್ತಬೇಕಾ? ಹೋಗು, ಸಾಲು ತಪ್ಪುತ್ತೆ" ಅಂದರು. ತಪ್ಪೇ ಹೋಗಿತ್ತು.

ಇದಾದ ಮೇಲೆ "ಫ್ಲವರ್" ಪಾಠವೂ ಅದೇ ರೈಲಿನಲ್ಲಿ ಆಯಿತು. ಇಂಗ್ಲಿಷ್ ಸುಳಿವಿನಲ್ಲಿ ಫ್ಲವರ್ ಅಂತ ಬಂದರೆ ಹೂವು ಅಂತ ನಂಬಬೇಡ, ಫ್ಲೋ ಆಗುವುದೂ ಫ್ಲವರೇ, ಅಂದರೆ ನದಿ. ಹಾಗಾದರೆ ನಮ್ಮ ಪಾಲಾರ್ ಫ್ಲವರಾ ಸಾರ್ ಅಂತ ಕೇಳಿದ್ದೆ. ಅವರು ಕಿಟಕಿ ಹೊರಗೆ ನೋಡಿ, "ಅದು ನಂಬಿಕೆ ಮೇಲೆ ನಡೆಯೋ ನದಿ ತಂಬಿ, ಅದಕ್ಕೂ ಒಂದು ಚುಕ್ಕೆ ಇಡಬೇಕು" ಅಂದಿದ್ದರು.

ಒಗಟು ಬೇರೆ, ಇದು ಬೇರೆ

ನಮ್ಮಮ್ಮನಿಗೆ ಒಗಟು ಅಂದರೆ ಪ್ರಾಣ. ಮೂರು ಕಣ್ಣುಂಟು ಶಿವನಲ್ಲ, ನೀರುಂಟು ಮೋಡವಲ್ಲ, ಏನದು? ತೆಂಗಿನಕಾಯಿ. ಇದನ್ನು ಅವರು ಕನ್ನಡದಲ್ಲೂ ಹೇಳುತ್ತಾರೆ, ಎದುರುಮನೆಯವರು ಬಂದರೆ ತೆಲುಗಿನಲ್ಲೂ ಹೇಳುತ್ತಾರೆ. ಎರಡರಲ್ಲೂ ಕಾಯಿ ಒಡೆಯುತ್ತೆ. ಯಾಕಂದರೆ ಒಗಟು ಇರುವುದು ವಸ್ತುವಿನ ಬಗ್ಗೆ. ತೆಂಗಿನಕಾಯಿಗೆ ಯಾವ ಭಾಷೆಯಲ್ಲಾದರೂ ಮೂರು ಕಣ್ಣು. ಆದರೆ ನಾನು ಮಾಡಿದ ಕೆರೆ ಸುಳಿವನ್ನು ತೆಲುಗಿಗೆ ಹಾಕಿ ನೋಡಿ, ಸತ್ತುಹೋಗುತ್ತೆ. ಅದು ಕೆರೆಯ ಬಗ್ಗೆ ಇಲ್ಲ, "ಕೆರೆ" ಅನ್ನುವ ಎರಡು ಅಕ್ಷರದ ಬಗ್ಗೆ ಇದೆ. ತಂಗಿ ಮಗಳು ಕಣ್ಣು ಅಂದಾಗ, ಅಮ್ಮ ಅವಳ ಪರ ನಿಂತಾಗ, ಇಬ್ಬರೂ ಅದನ್ನು ಒಗಟು ಅಂತ ಬಿಡಿಸಿದ್ದರು. ಒಗಟಾಗಿ ನೋಡಿದರೆ ಕಣ್ಣೇ ಚೆನ್ನಾಗಿದೆ. ಒಪ್ಪಿಕೊಳ್ಳುತ್ತೇನೆ.

ಎರಡು ಭಾಷೆಯ ಮಧ್ಯೆ ಬದುಕುವ ನಮ್ಮ ಜಿಲ್ಲೆಯವರಿಗೆ ಈ ಎರಡನೇ ಆಟ ಕಷ್ಟ ಆಗಬಾರದು. ಒಂದು ಮಾತು ಎರಡು ಕಡೆ ಎರಡು ಅರ್ಥ ಕೊಡುವುದನ್ನು ದಿನಾ ನೋಡುತ್ತೇವೆ. "ಆಂಧ್ರದ ಹಾಲಿನಲ್ಲಿ ನನಗೂ ಭಾಗ (2)" ಅಂತ ಒಂದು ಸುಳಿವು ಮಾಡಿದ್ದೆ. ಶ್ರೀನಿವಾಸಪುರದ ಗೆಳೆಯನೊಬ್ಬ ನಾನು ಓದಿ ಮುಗಿಸುವ ಮೊದಲೇ "ಪಾಲು" ಅಂದ. ಅವರ ಮನೆಯಲ್ಲಿ ಹಾಲಿಗೆ ಪಾಲು, ಆಸ್ತಿಗೂ ಪಾಲು. ಧಾರವಾಡದ ಸಹೋದ್ಯೋಗಿ ಮಾತ್ರ ಇವತ್ತಿಗೂ ಅದನ್ನು ಮೋಸ ಅಂತಾರೆ.

ಬರೀ ಕನ್ನಡದಲ್ಲೂ ಎಷ್ಟೊಂದಿದೆ. ನಮ್ಮ ಅಂಕಿಗಳನ್ನೇ ನೋಡಿ. ಆರು, ಏಳು, ಹತ್ತು. ದೀಪ ಆರುತ್ತೆ, ಹಾಸಿಗೆಯಿಂದ ಏಳಬೇಕು, ಬಸ್ಸು ಹತ್ತಬೇಕು. "ಆರಾದ ಮೇಲೆ ಮಲಗಬೇಡ (2)" ಅಂದರೆ ಏಳು. ಅರೆ ಅಂದರೆ ಅರ್ಧ, ಕಲ್ಲಿನ ಮುಂದೆ ಕೂರಿಸಿದರೆ ಚಟ್ನಿ ಅರೆ. "ಬಟ್ಟೆ ಮೇಲಿದ್ದರೆ ಬೈಗುಳ, ಕೈಯಲ್ಲಿದ್ದರೆ ಚಪ್ಪಾಳೆ (2)" ಅಂದರೆ ಕಲೆ. ಅಡಗಿಸುವ ಆಟವಂತೂ ವಾಲ್ಮೀಕಿಯ ಕಥೆಯಷ್ಟು ಹಳೆಯದು. ಮರಾ ಮರಾ ಮರಾ ಅಂತ ಹೇಳುತ್ತಾ ಹೋದರೆ ನಡುವೆ ರಾಮ ಬಂದು ಕೂರುತ್ತಾನೆ. ಬೇಡನಿಗೆ ರಾಮ ಅನ್ನೋಕೆ ಬಾರದೆ ಮರ ಅಂದ ಅಂತ ಅಜ್ಜಿಯಂದಿರು ಹೇಳುತ್ತಿದ್ದರು. ನನ್ನ ಲೆಕ್ಕದಲ್ಲಿ ನಾರದರು ಅವನಿಗೆ ಒಂದು ಒಳ್ಳೆಯ ಸುಳಿವು ಕೊಟ್ಟು ಹೋದರು, ಅಷ್ಟೇ. ಉತ್ತರ ಹೇಳಿಕೊಡಲಿಲ್ಲ.

ಕನ್ನಡ ಪದಬಂಧದ ದೊಡ್ಡ ಹೆಸರು ಅ.ನಾ. ಪ್ರಹ್ಲಾದರಾವ್ ಅವರದ್ದು, ನಮ್ಮ ಕೋಲಾರ ಜಿಲ್ಲೆಯ ಅಬ್ಬಣಿಯವರು. ಅವರು ಹೆಣೆದ ಪದಬಂಧಗಳು ಹತ್ತಾರು ಸಾವಿರ. ನಮ್ಮ ಪೇಪರಿನ ಪದಬಂಧಗಳ ರುಚಿ ಬೇರೆ. ಪುರಾಣ, ಸಾಹಿತ್ಯ, ಸಿನಿಮಾ, ಗಾದೆ, ಹಳೆಯ ಮಾತು, ಇವೆಲ್ಲ ಎಷ್ಟು ನೆನಪಿದೆ ಅಂತ ಕೇಳುತ್ತವೆ. ಅರ್ಜುನನ ಶಂಖ ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ನಮ್ಮಮ್ಮ ಅದರಲ್ಲಿ ನನ್ನನ್ನು ಸೋಲಿಸುತ್ತಾರೆ. ಕ್ರಿಪ್ಟಿಕ್ ಸುಳಿವು ನೆನಪನ್ನು ಅಷ್ಟಾಗಿ ಕೇಳಲ್ಲ, ಕಣ್ಣ ಮುಂದಿರುವ ವಾಕ್ಯವನ್ನು ಸರಿಯಾಗಿ ಓದಿದೆಯಾ ಅಂತ ಕೇಳುತ್ತೆ. ಯಾವುದು ಮೇಲು ಅಂತ ಜಗಳ ಬೇಡ. ಬೆಳಗ್ಗೆ ನನಗೆ ಎರಡೂ ಬೇಕು.

ನಾನೂರು ಅಕ್ಷರದ ಕಷ್ಟ

ಕನ್ನಡದಲ್ಲಿ ಇಂಥ ಪದಬಂಧ ಹೆಣೆಯೋಕೆ ಕೂತಾಗಲೇ ಗೊತ್ತಾಗಿದ್ದು ಇದರ ಕಷ್ಟ. ಇಂಗ್ಲಿಷಿನಲ್ಲಿ ಒಂದು ಮನೆಗೆ ಬರಬಹುದಾದದ್ದು 26 ಅಕ್ಷರ. ನಮ್ಮಲ್ಲಿ 34 ವ್ಯಂಜನ, ಒಂದೊಂದಕ್ಕೂ ಕಾಗುಣಿತ. ಒತ್ತಕ್ಷರ ಬಿಟ್ಟರೂ ನಾನೂರರ ಮೇಲಾಯಿತು. ಹಾಗಾಗಿ ಎರಡು ಪದಗಳನ್ನು ಒಂದು ಮನೆಯಲ್ಲಿ ಅಡ್ಡ ಹಾಯಿಸುವುದೇ ಪಾಡು. ಕ ಇದ್ದರೆ ಸಾಲದು, ಕೆ ನೇ ಬೇಕು. ಹೆಣೆಯುವವನಿಗೆ ಕಷ್ಟ ಅಂದರೆ ಬಿಡಿಸುವವರಿಗೆ ಸುಲಭ. ಇಂಗ್ಲಿಷಿನಲ್ಲಿ ಅಡ್ಡ ಬಂದ ಒಂದು ಇ ಅಕ್ಷರದಿಂದ ಏನೂ ತಿಳಿಯಲ್ಲ. ನಮ್ಮಲ್ಲಿ ಒಂದು "ಸ್ವ" ಬಂದರೆ ಅರ್ಧ ಗುಟ್ಟು ರಟ್ಟು.

ಅಕ್ಷರ ಕಲಸುವ ಆಟವೂ ಇದೇ ಕಾರಣಕ್ಕೆ ನಮ್ಮಲ್ಲಿ ಬಡವಾಗಿದೆ. "ರಮಣ ಎಡವಿದರೆ ಸಾವು (3)" ಅಂತ ಮಾಡಬಹುದು, ಮರಣ. ಚೆನ್ನಾಗೇ ಇದೆ. ಆದರೆ ಸರಸ್ವತಿಯನ್ನು ಎಷ್ಟು ಕಲಸಿದರೂ ಸರಸ್ವತಿಯ ಮುಖವೇ ಕಾಣುತ್ತೆ. ಅದಕ್ಕೇ ನಾನು ಒಡೆಯುವ ಕಡೆ, ಕೂಡಿಸುವ ಕಡೆ ಜಾಸ್ತಿ ವಾಲುತ್ತೇನೆ. ಸಂಧಿ ಬಿಡಿಸಿ ಬರೆಯಿರಿ ಅಂತ ಸ್ಕೂಲಿನಲ್ಲಿ ಬೆತ್ತ ಹಿಡಿದು ಕಲಿಸಿದ್ದು ಕೊನೆಗೂ ಒಂದು ಕೆಲಸಕ್ಕೆ ಬಂತು. "ಚಿನ್ನದ ಜಿಲ್ಲೆಯಲ್ಲಿ ತಂಪು ಪಾನೀಯ, ಆಮೇಲೆ ರಮೇಶನ ತಲೆ (3)". ಕೋಲಾ, ಅದರ ಪಕ್ಕ ರಮೇಶನ ತಲೆ ಅಂದರೆ ಮೊದಲ ಅಕ್ಷರ ರ. ಊರು ಬಂತು. ಇದು ಅಂಥ ಒಳ್ಳೆಯ ಸುಳಿವೇನಲ್ಲ. ಓದಿದ ಕೂಡಲೇ ಹೊಲಿಗೆ ಕಾಣುತ್ತೆ. ಒಳ್ಳೆಯ ಸುಳಿವು ಬಂಗಾರಪೇಟೆಯ ಪಾನಿಪುರಿ ನೀರಿನ ಹಾಗಿರಬೇಕು. ನೋಡೋಕೆ ನಲ್ಲಿ ನೀರು. ಬಾಯಿಗೆ ಹೋದಾಗಲೇ ಖಾರ ಗೊತ್ತಾಗೋದು.

ಆಕೆ ಯಾಕೆ?

ಕಣ್ಣು ಯಾಕೆ ತಪ್ಪು ಅನ್ನುವ ಪ್ರಶ್ನೆಗೆ ಬರುತ್ತೇನೆ. ಇಂಗ್ಲಿಷಿನವರು ಇದರ ಬಗ್ಗೆ ನೂರು ವರ್ಷದಿಂದ ತಲೆ ಕೆಡಿಸಿಕೊಂಡಿದ್ದಾರೆ. 1913ರ ಡಿಸೆಂಬರ್ 21ರಂದು ನ್ಯೂಯಾರ್ಕಿನ ಪೇಪರಿನಲ್ಲಿ ಆರ್ಥರ್ ವಿನ್ ಅನ್ನುವವರು ಮೊದಲ ಪದಬಂಧ ಹಾಕಿದಾಗ ಸುಳಿವುಗಳೆಲ್ಲ ನೇರವಾಗಿದ್ದವು. ಅದನ್ನು ತಿರುಚಿದ್ದು ಇಂಗ್ಲೆಂಡಿನವರು. ತಿರುಚಿದವರು ಇಟ್ಟುಕೊಂಡ ಹೆಸರುಗಳನ್ನು ಕೇಳಿ. ಟಾರ್ಕ್ವೆಮಾಡ, ಆಮೇಲೆ ಅವರ ಜಾಗಕ್ಕೆ ಬಂದ ಸಿಮೆನಿಸ್. ಇಬ್ಬರದ್ದೂ ಹಳೆಯ ಸ್ಪೇನಿನಲ್ಲಿ ಮತದ ಹೆಸರಿನಲ್ಲಿ ಜನರನ್ನು ಹಿಂಸಿಸಿದ ವಿಚಾರಣಾಧಿಕಾರಿಗಳ ಹೆಸರು! ಓದುಗರಿಗೆ ಏನು ಕಾದಿದೆ ಅಂತ ಮೊದಲೇ ಹೇಳಿಬಿಟ್ಟಿದ್ದರು. ಇನ್ನೊಬ್ಬರು ಎ.ಎಫ್. ರಿಚಿ, ಚರ್ಚಿನ ಪಾದ್ರಿ, ಸ್ಕೂಲಿನ ಹೆಡ್‌ಮಾಸ್ಟರ್. ಅವರ ಗುಪ್ತನಾಮ ಆಫ್ರಿಟ್, ಅರಬರ ಕಥೆಯ ಒಂದು ಭೂತ. ಅವರ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಮೊದಲ ಐದು ಅಕ್ಷರ ಎ, ಎಫ್, ಆರ್, ಐ, ಟಿ, ಅಲ್ಲೇ ಅಡಗಿದೆ ನೋಡಿ. 1949ರಲ್ಲಿ ಅವರು ಹೇಳಿದ ಒಂದು ನಿಯಮವನ್ನು ನಮ್ಮ ಮಾತಿನಲ್ಲಿ ಹೇಳಿದರೆ, ಹೇಳಿದ್ದು ಮನಸ್ಸಿನಲ್ಲಿ ಇರಲೇಬೇಕು ಅಂತಿಲ್ಲ, ಆದರೆ ಮನಸ್ಸಿನಲ್ಲಿರೋದನ್ನು ಹೇಳಿರಲೇಬೇಕು. ಸಿಮೆನಿಸ್ ಹೆಸರಿನ ಮ್ಯಾಕ್‌ನಟ್ 1966ರಲ್ಲಿ ಇದರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಅವರ ಹಾದಿಯವರು ಹಿಡಿದುಕೊಂಡದ್ದು ಇಷ್ಟು: ಸುಳಿವಿನಲ್ಲಿ ಒಂದು ಅರ್ಥ ಇರಲಿ, ಒಂದು ಪದದಾಟ ಇರಲಿ, ಮೂರನೆಯದು ಏನೂ ಬೇಡ.

ಮೂರನೆಯದು ಬೇಡ ಅನ್ನುವುದನ್ನು ನಾನು ಇಷ್ಟು ವರ್ಷ ಹೆಣೆಯುವವರಿಗೆ ಹೇಳಿದ ಮಾತು ಅಂದುಕೊಂಡಿದ್ದೆ. ಮೊನ್ನೆ ಕೆರೆ ಏರಿ ಮೇಲೆ ನಡೆಯುವಾಗ ಅದು ಬಿಡಿಸುವವರಿಗೂ ಅನ್ನಿಸಿತು. ನಮ್ಮ ಕಡೆ ಕೆರೆಗಳಿಗೆ 2018ರಿಂದ ಬೆಂಗಳೂರಿನ ಕೊಳಚೆ ನೀರು ಶುದ್ಧವಾಗಿ ಪೈಪಿನಲ್ಲಿ ಬರುತ್ತಿದೆ. ಏರಿ ಮೇಲೆ ನಿಂತವರು ಇಬ್ಬರು ಇದು ಒಳ್ಳೆಯದಾ ಕೆಟ್ಟದ್ದಾ ಅಂತ ಎಂದಿನ ವಾದದಲ್ಲಿದ್ದರು. ಒಬ್ಬ ಹೇಳಿದ, "ಬೋರ್‌ನಲ್ಲಿ ನೀರು ಬಂತಲ್ಲ, ಅಷ್ಟು ಸಾಕು." ಇನ್ನೊಬ್ಬ ಹೇಳಿದ, "ಬಂತು ಸರಿ, ಅದಕ್ಕೆ ಆ ವಾಸನೆ ಯಾಕೆ?" ಲೆಕ್ಕಕ್ಕೆ ಸಿಗದೆ ಉಳಿದದ್ದು ಒಂದು ಇತ್ತು, ಅವನು ಅದನ್ನೇ ಹಿಡಿದುಕೊಂಡಿದ್ದ.

ಕಣ್ಣು ಅಂತ ಬರೆದರೆ ನನ್ನ ಸುಳಿವಿನಲ್ಲೂ ಒಂದು ಮಾತು ಉಳಿದುಬಿಡುತ್ತೆ. "ಆಕೆ". ರೆಪ್ಪೆಗೆ ಕೆಲಸ ಇದೆ, ಒಳಗೆ ಅನ್ನುವುದಕ್ಕೆ ಕೆಲಸ ಇದೆ, ನೀರು ನಿಂತ ಜಾಗಕ್ಕೂ ಇದೆ. ಆಕೆಗೆ ಏನು ಕೆಲಸ? ಅವನ ರೆಪ್ಪೆಯೊಳಗೆ ನೀರು ನಿಲ್ಲಲ್ವಾ? ಕೆರೆ ಅಂತ ಬರೆದರೆ ಆಕೆಯನ್ನು ತೆಗೆಯೋಕೆ ಆಗಲ್ಲ, ಅರ್ಧ ಕೆರೆ ಇರೋದೇ ಅವಳಲ್ಲಿ. ಅವನು ಅಂತ ಬದಲಾಯಿಸಿದರೆ ಕೆರೆ ಒಡೆದುಹೋಗುತ್ತೆ. ಕಣ್ಣು ತಪ್ಪು ಅನ್ನೋಕೆ ನನಗೆ ಇಷ್ಟು ದಿನ ಸಿಗದ ಕಾರಣ ಇಷ್ಟೇ. ಒಂದು ಮಾತು ಸುಮ್ನೆ ನಿಂತಿತ್ತು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವರು ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದರು. "ಅಳೋದು ಹೆಂಗಸರೇ ಅಲ್ವಾ, ಅದಕ್ಕೆ ಆಕೆ ಅಂತ ಬರೆದಿದೀಯ ಅಂದ್ಕೊಂಡೆ ನಾನು" ಅಂದರು. ಇದಕ್ಕೆ ಯಾವ ಮ್ಯಾಕ್‌ನಟ್ ಹತ್ತಿರವೂ ಉತ್ತರ ಇಲ್ಲ. ಓದುವವರಿಗೆ ಆ ಮಾತು ಸುಮ್ನೆ ನಿಂತಿದೆ ಅಂತ ಅನಿಸದೇ ಇದ್ದರೆ, ನನ್ನ ಪಾನಿಪುರಿ ನೀರು ಚೆನ್ನಾಗಿಯೇ ಇತ್ತು ಅಂತಲಾ, ಅಥವಾ ನಾವೆಲ್ಲ ಇಷ್ಟು ವರ್ಷ ಹಾಗೇ ಓದಿಕೊಂಡು ಬಂದಿದ್ದೇವೆ ಅಂತಲಾ? ಸುಳಿವು ತಿದ್ದೋಣ ಅಂತ ಕೂತೆ. "ಆಕೆ ರೆಪ್ಪೆಯೊಳಗೆ ಊರಿನ ನೀರು" ಅಂತ ಮಾಡಿದರೆ ಕಣ್ಣು ಬರಲ್ಲ. ಆದರೆ ಸುಳಿವಿನ ಜೀವವೂ ಹೋಗುತ್ತೆ. ಹೊಡೆದು ಹಾಕಿ ಮೊದಲಿನದ್ದನ್ನೇ ಉಳಿಸಿಕೊಂಡೆ.

ರಾತ್ರಿ ತಂಗಿ ಮಗಳಿಗೆ ಫೋನ್ ಮಾಡಿ ಎಲ್ಲ ವಿವರಿಸಿದೆ. ಚುಕ್ಕೆಯ ಕಥೆಯನ್ನೂ ಹೇಳಿದೆ. "ಹಾಗಾದ್ರೆ ನನ್ನ ಕಣ್ಣಿಗೆ ಚುಕ್ಕೆ ಇಡಿ ಮಾಮ, ಅಳಿಸಬೇಡಿ" ಅಂದಳು. ಒಪ್ಪಿದೆ. ಹತ್ತು ನಿಮಿಷ ಬಿಟ್ಟು ಅವಳ ಅಮ್ಮನ ನಂಬರಿನಿಂದ ಒಂದು ಮೆಸೇಜ್ ಬಂತು. ಅವಳೇ ಮಾಡಿದ ಸುಳಿವು.

"ಎಷ್ಟು ಮ ಇದ್ದರೂ ಅಮ್ಮನಿಗೆ ಒಬ್ಬಳೇ (3)".

ತಂಗಿಗೆ ಇವಳೊಬ್ಬಳೇ ಮಗಳು. ಹಾಗಾಗಿ ಉತ್ತರ ಬರೆಯೋಕೆ ಅರೆ ನಿಮಿಷವೂ ಬೇಕಾಗಲಿಲ್ಲ. ಮೂರು ಮನೆಗೆ ಸರಿಯಾಗಿ ಕೂತಿತು ಕೂಡ. ಆದರೆ ಆ "ಮ" ಯಾಕೆ? ಅಮ್ಮ ಅನ್ನುವುದರಲ್ಲಿ ಎಷ್ಟು ಮ ಇದೆ ಅಂತ ಎಣಿಸಿದೆ, ಮಾಮನಲ್ಲೂ ಎಣಿಸಿದೆ. ಏನೂ ಸಿಗಲಿಲ್ಲ. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಉತ್ತರ ಬರೆದು, ಮೊದಲ ಮನೆಯ ಮೂಲೆಯಲ್ಲಿ ಚುಕ್ಕೆ ಇಟ್ಟು, ಜೇಬಿಗೆ ಹಾಕಿಕೊಂಡಿದ್ದೇನೆ. ಇವತ್ತಿಗೆ ನಾಲ್ಕನೇ ದಿನ. ಅಮ್ಮನಿಗೆ ಮೊದಲ ದಿನವೇ ಹೊಳೆದಿದೆ, ಕೇಳಿದರೆ ಹೇಳುತ್ತಿಲ್ಲ.